ಮುಚ್ಚಳ ತೆಗೆಯಬಾರದ ಮಾಸ್ಕು

ಇದ್ದಲಿನ ಕಾರ್ಖಾನೆಯಲ್ಲಿ ಎಲ್ಲರೂ ಅವಳನ್ನು ಗಂಟಲಕ್ಕ ಎಂದೇ ಕರೆಯುತ್ತಿದ್ದರು. ಅರೆಯುವ ಯಂತ್ರ, ಕಲಸುವ ತೊಟ್ಟಿ, ಒತ್ತುವ ಯಂತ್ರ ಮೂರೂ ಒಟ್ಟಿಗೆ ಬೊಬ್ಬೆ ಹೊಡೆಯುತ್ತಿದ್ದರೂ ಅವಳು ಈ ಮೂಲೆಯಿಂದ "ನೀರು ಸಾಕು!" ಎಂದರೆ ಆ ಮೂಲೆಯವರ ಕೈ ನಿಲ್ಲುತ್ತಿತ್ತು. ಮನೆಯಲ್ಲಿ ಗಂಡ ಮಾತ್ರ, "ಇಲ್ಲಿ ಯಂತ್ರ ಇಲ್ಲ ಕಣೇ, ನನಗೆ ಕಿವಿ ಚೆನ್ನಾಗೇ ಕೇಳುತ್ತೆ" ಎಂದು ಗೋಳು ಹೊಯ್ದುಕೊಳ್ಳುತ್ತಿದ್ದ.

ಮದುವೆಯಾಗಿ ಕಾರ್ಖಾನೆಯ ಹಿಂದಿನ ಓಣಿಗೆ ಬಂದ ಹೊಸದರಲ್ಲಿ ಅವಳು ಅದರ ಅಂಗಳದಲ್ಲಿ ತೆಂಗಿನ ಕಾಯಿಚಿಪ್ಪು ಒಡೆಯುತ್ತಿದ್ದಳು. ಆಮೇಲೆ ಒಳಗೆ ಕರೆದು ಒತ್ತುವ ಯಂತ್ರಕ್ಕೆ ನಿಲ್ಲಿಸಿದರು. ಕಲ್ಲಿದ್ದಲಿನ ಹುಡಿ, ಸುಟ್ಟ ಚಿಪ್ಪು ಮತ್ತು ಹೊಟ್ಟಿನ ಹುಡಿ, ಎಲ್ಲವನ್ನೂ ಕಚ್ಚಿ ಹಿಡಿಯಲು ಬಿಸಿ ಟಾರು, ಹದಕ್ಕೆ ಒಂದಿಷ್ಟು ನೀರು. ಇಷ್ಟನ್ನೂ ತೊಟ್ಟಿಯಲ್ಲಿ ಹಿಟ್ಟಿನ ಹಾಗೆ ಕಲಸಿ ಯಂತ್ರಕ್ಕೆ ಕೊಟ್ಟರೆ ತೂತಿನ ತಟ್ಟೆಯಿಂದ ಕಪ್ಪು ಕಡ್ಡಿಗಳು ಇಳಿಯುತ್ತವೆ. ಅವನ್ನು ತುಂಡು ಮಾಡಿ ಒಣಗಿಸಿ, ಗಾಳಿಯಾಡದ ಕುಲುಮೆಯಲ್ಲಿ ಸುಟ್ಟು, ಕೆಂಪಗೆ ಕಾದಾಗ ಆವಿ ಹಾಯಿಸಿದರೆ ಒಂದೊಂದು ತುಂಡಿನ ಮೈತುಂಬ ಕಣ್ಣಿಗೆ ಕಾಣದ ತೂತುಗಳು. ಗಾಳಿಯಲ್ಲಿರುವ ಹೊಗೆ, ನಾತ, ವಿಷ ಆ ತೂತುಗಳಲ್ಲಿ ಸಿಕ್ಕಿಬೀಳುತ್ತವೆ. ಅದಕ್ಕೇ ಮಾಸ್ಕು ಮಾಡುವ ಕಂಪನಿಯವರು ಅದನ್ನು ಕೊಂಡುಹೋಗಿ ಮಾಸ್ಕಿನ ಮೂತಿಗೆ ಸಿಕ್ಕಿಸುವ ಡಬ್ಬಿಗೆ ತುಂಬಿ, ಡಬ್ಬಿಯ ಬಾಯಿಗೆ ರಬ್ಬರಿನ ಮುಚ್ಚಳ ಬಿಗಿಯುತ್ತಾರೆ. ಗಾಳಿ ತಗುಲಿತೋ, ಇದ್ದಲು ಸಿಕ್ಕಿದ್ದನ್ನೆಲ್ಲ ನುಂಗಲು ಶುರುಮಾಡುತ್ತದೆ. ಹೊಟ್ಟೆ ತುಂಬಿದ ಮೇಲೆ ಯಾವ ಕೆಲಸಕ್ಕೂ ಬಾರದು. ಕಾರ್ಖಾನೆಯ ಕಸ ಗುಡಿಸುವವರಿಗೂ ಗೊತ್ತಿರುವ ಸಂಗತಿ ಇದು.

ಲೋಕದವರ ಮೂಗು ಕಾಯುವ ಈ ಇದ್ದಲನ್ನು ಮಾಡುವವರ ಮೂಗಿಗೇನಿತ್ತು? ಹರಕು ಬಟ್ಟೆ! ಟಾರಿನ ಹೊಗೆ ಏಳುವ ತೊಟ್ಟಿಯ ಮುಂದೆ ದಿನವಿಡೀ ನಿಲ್ಲುವ ಹೆಂಗಸರು ಹಳೇ ಬಟ್ಟೆಯನ್ನು ಒದ್ದೆ ಮಾಡಿ ಮುಖಕ್ಕೆ ಕಟ್ಟಿಕೊಳ್ಳುತ್ತಿದ್ದರು. ಆ ತೊಟ್ಟಿಯಲ್ಲಿ ಕಲಸುವವಳು ಗಂಟಲಕ್ಕನ ಓರಗಿತ್ತಿ, ಮೈದುನನ ಹೆಂಡತಿ. ಮದುವೆಯಾಗಿ ಬಂದಾಗ ಮೆಟ್ಟಿಲು ಹಾರಿ ಹತ್ತುತ್ತಿದ್ದ ಹೆಣ್ಣು ಈಗ ನೀರಿನ ಕೊಡ ಎತ್ತಿದರೆ ಗೋಡೆಗೆ ಒರಗುತ್ತಿದ್ದಳು. ಕೆಮ್ಮಿದರೆ ಕರ್ಚೀಫು ಕಪ್ಪಾಗುತ್ತಿತ್ತು. ಅವಳಿಗೊಂದು ಮಾಸ್ಕು ಕೊಡಿಸಬೇಕೆಂದು ಗಂಟಲಕ್ಕ ಮ್ಯಾನೇಜರ ಬಾಗಿಲಿಗೆ ಅಲೆದು ಅಲೆದು ಸುಸ್ತಾಗಿದ್ದಳು. ಪ್ರತಿ ಸಲವೂ ಅವರು ನಗುತ್ತಾ, "ಮುಂದಿನ ತಿಂಗಳು ನೋಡೋಣಮ್ಮ" ಎಂದು ಮೂಗಿಗೆ ತುಪ್ಪ ಸವರಿ ಕಳಿಸುತ್ತಿದ್ದರು. ಆ ಮುಂದಿನ ತಿಂಗಳು ಯಾವ ಕ್ಯಾಲೆಂಡರಿನಲ್ಲಿತ್ತೋ!

ಅಷ್ಟರಲ್ಲಿ ದೂರದ ದೊಡ್ಡ ಗಿರಾಕಿಗಳು ಬರುತ್ತಾರೆಂದು ಸುದ್ದಿಯಾಯಿತು. ಕೆಲಸದವರನ್ನು ಹೇಗೆ ಇಟ್ಟುಕೊಂಡಿದ್ದಾರೆ ಎಂದು ಕಣ್ಣಾರೆ ನೋಡಿಯೇ ಅವರು ಮಾಲು ಕೊಳ್ಳುವವರಂತೆ. ಆವತ್ತು ಬೆಳಿಗ್ಗೆ ಸ್ಟೋರಿನವನು ಒಂದು ಪೆಟ್ಟಿಗೆ ತುಂಬ ಹೊಸ ಮಾಸ್ಕು ತಂದು ಹಂಚಿದ. ಓರಗಿತ್ತಿಯ ಮುಖ ಅರಳಿತು. "ಅಕ್ಕಾ, ಬಂತಲ್ಲ ಕೊನೆಗೂ!" ಎಂದಳು.

"ಮುಚ್ಚಳ ಮಾತ್ರ ಯಾರೂ ತೆಗೀಬೇಡಿ" ಎಂದ ಸ್ಟೋರಿನವನು. "ಮಾಸ್ಕಿನ ಕಂಪನಿಯಿಂದ ಇವತ್ತಿನ ಮಟ್ಟಿಗೆ ತಂದಿರೋದು. ಸಂಜೆ ಹಾಗೇ ವಾಪಸ್ ಕೊಡಬೇಕು."

"ಮುಚ್ಚಳ ತೆಗೀದೆ ಉಸಿರಾಡೋದು ಹೇಗಪ್ಪಾ?"

"ಗಲ್ಲದ ಹತ್ರ ಸ್ವಲ್ಪ ಸಡಿಲ ಬಿಟ್ಕೊಳ್ಳಿ. ಅವರು ಹತ್ರ ಬಂದಾಗ ಬಿಗಿಯಾಗಿ ಒತ್ಕೊಳ್ಳಿ. ಫೋಟೋ ತೆಗೆಯೋವರೆಗೆ ಉಸಿರು ಹಿಡ್ಕೊಂಡ್ರೆ ಸಾಕು."

ಕೇಳಿದಿರಾ? ಉಸಿರಾಡಲೆಂದು ಮಾಡಿದ ವಸ್ತುವನ್ನು ಮುಖಕ್ಕೆ ಕಟ್ಟಿ ಉಸಿರು ಹಿಡಿಯಿರಿ ಎನ್ನುವ ಬುದ್ಧಿ ಯಾವ ತಲೆಗೆ ಹೊಳೆದೀತು! ಗಂಟಲಕ್ಕನಿಗೆ ಮೈಯೆಲ್ಲ ಉರಿಯಿತು. ಆದರೂ ಹಲ್ಲು ಕಚ್ಚಿಕೊಂಡು ಕಟ್ಟಿಕೊಂಡಳು.

ಗಿರಾಕಿಗಳು ಬಂದರು. ಅವರ ಮುಖದ ಮೇಲೂ ಮಾಸ್ಕು, ಮುಚ್ಚಳ ತೆಗೆದದ್ದು. ಮ್ಯಾನೇಜರು ಹೆಜ್ಜೆಹೆಜ್ಜೆಗೂ ವಿವರಿಸುತ್ತಾ ಕಲಸುವ ತೊಟ್ಟಿಯ ಮುಂದೆ ನಿಂತರು. ಕ್ಯಾಮೆರಾದವನು ಅಲ್ಲೇ ಬೇರೂರಿದ. ಓರಗಿತ್ತಿ ಮಾಸ್ಕನ್ನು ಬಿಗಿಯಾಗಿ ಒತ್ತಿಕೊಂಡಳು. ಒಂದು ಫೋಟೋ ಆಯಿತು, ಇನ್ನೊಂದು ಎಂದರು, ಮಗ್ಗುಲಿಂದ ಒಂದು ಎಂದರು. ಅವಳ ಭುಜ ಮೇಲೇರಿದ್ದು ಗಂಟಲಕ್ಕನಿಗೆ ಕಂಡಿತು. ಮರುಕ್ಷಣ ಅವಳು ತೊಟ್ಟಿಯ ಅಂಚಿಗೆ ಕುಸಿದಳು.

ಗಂಟಲಕ್ಕ ಓಡಿದವಳೇ ಓರಗಿತ್ತಿಯ ಡಬ್ಬಿಯ ಮುಚ್ಚಳ ಕಿತ್ತು ಬಿಸಾಡಿದಳು. "ಎಳ್ಕೋ ಕಣೇ, ಉಸಿರು ಎಳ್ಕೋ!" ಎಂದು ಬೆನ್ನು ಸವರಿದಳು. ಆ ಎದೆ ಒಂದು ಸಲ ಏರಿ ಇಳಿಯಿತು, ಮತ್ತೊಂದು ಸಲ ಏರಿತು. ಆಮೇಲೆ ಗಂಟಲಕ್ಕ ತನ್ನ ಮಾಸ್ಕಿನ ಮುಚ್ಚಳ ಕಿತ್ತಳು. ಪಕ್ಕದವಳದ್ದು, ಅದರ ಪಕ್ಕದವಳದ್ದು, ಸಾಲಿನಲ್ಲಿದ್ದ ಎಲ್ಲರದ್ದೂ.

"ಹಾಳಾಯ್ತಲ್ಲಮ್ಮಾ! ಇನ್ನು ಅವರು ವಾಪಸ್ ತಗೊಳ್ಳಲ್ಲ!" ಸ್ಟೋರಿನವನು ತಲೆಯ ಮೇಲೆ ಕೈ ಹೊತ್ತ.

"ತಗೊಳ್ಳಬಾರದು ಅಂತಲೇ ಕಿತ್ತಿದ್ದು!"

ಗಿರಾಕಿಗಳು ಮುಖ ಮುಖ ನೋಡಿಕೊಂಡರು. ಅವರೆದುರು ಮ್ಯಾನೇಜರು ನಕ್ಕು, "ಇಟ್ಕೊಳ್ಳಿ, ಇವೆಲ್ಲ ನಿಮಗೇ" ಎನ್ನಬೇಕಾಯಿತು. ಮಾಸ್ಕುಗಳು ಹೆಂಗಸರ ಬಳಿಯೇ ಉಳಿದವು. ಓರಗಿತ್ತಿಯ ಕೆಮ್ಮು ಹೋಗಲಿಲ್ಲ, ಆದರೆ ಕರ್ಚೀಫು ಬೆಳ್ಳಗಾಯಿತು.

ಡಬ್ಬಿಗಳೇನು ಸಾಯುವತನಕ ಬಾಳುತ್ತವೆಯೇ? ಕೆಲವು ವಾರಗಳಲ್ಲಿ ಅವೂ ತುಂಬಿದವು, ಉಸಿರಿನ ಜೊತೆ ಟಾರಿನ ನಾತ ಒಳಗೆ ಬರತೊಡಗಿತು. ಗಂಟಲಕ್ಕ ಓರಗಿತ್ತಿಯ ಡಬ್ಬಿ ಬಿಚ್ಚಿಕೊಂಡು ನೇರವಾಗಿ ಮ್ಯಾನೇಜರ ಕೋಣೆಗೆ ಹೋದಳು. ಅವರು ರೂಢಿಯಂತೆ ನಕ್ಕು, "ಮುಂದಿನ ತಿಂಗಳು..." ಎಂದು ಬಾಯಿ ತೆರೆದರು. ಅವಳು ಡಬ್ಬಿಯ ಇದ್ದಲನ್ನು ಅವರ ಮೇಜಿನ ಮೇಲೆ ಸುರಿದಳು.

"ಬೇರೆ ಡಬ್ಬಿ ಬೇಕು ಸಾರ್. ಇದು ತುಂಬಿದೆ. ಇದರಲ್ಲಿ ಇರೋದೆಲ್ಲ ಅವಳ ಎದೆಗೆ ಹೋಗಬೇಕಾಗಿದ್ದದ್ದು. ಮೂಸಿ ನೋಡಿ."

ಮ್ಯಾನೇಜರು ಥಟ್ಟನೆ ಜೇಬಿನಿಂದ ಕರ್ಚೀಫು ತೆಗೆದು ಮೂಗಿಗೆ ಒತ್ತಿಕೊಂಡರು.

"ಅದರಲ್ಲಿ ಆಗಲ್ಲ ಸಾರ್" ಎಂದಳು ಗಂಟಲಕ್ಕ, ಎಂದೂ ಇಲ್ಲದಷ್ಟು ಮೆಲ್ಲಗೆ. "ಇಷ್ಟು ವರ್ಷ ನಾವೂ ಬಟ್ಟೆನೇ ಕಟ್ಕೊಂಡಿದ್ವಿ."