ಕಾನಸೂರಿನ ಗದ್ದೆಗೆ ಆಕಾಶಮಾರ್ಗವಾಗಿ

ಆಕಾಶದಲ್ಲಿ ಎಂಜಿನ್ ನಿಲ್ಲಿಸಿದವನು ನಾನೇ ಎಂಬುದನ್ನು ಮೊದಲೇ ಒಪ್ಪಿಕೊಂಡುಬಿಡುವುದು ಒಳ್ಳೆಯದು. ಆ ಹೊತ್ತಿನಲ್ಲಿ ಅದು ನನಗೂ ತಿಳಿದಿರಲಿಲ್ಲ, ವಿಮಾನ ಕಟ್ಟಿದವನಿಗೂ ತಿಳಿದಿರಲಿಲ್ಲ.

ಕಟ್ಟಿದವನು ನನ್ನ ಹಳೆಯ ವಿದ್ಯಾರ್ಥಿ. ಶಿರಸಿಯಲ್ಲಿ ಗ್ಯಾರೇಜು, ಅಜ್ಜನ ಕಾಲದಿಂದ ಲಾರಿ ರಿಪೇರಿಯ ಮನೆತನ. ಇವನು ಮಾತ್ರ ಹಾರುವುದನ್ನು ಕಲಿತು ಬಂದು, ಆರು ವರ್ಷ ಕೂತು ಎರಡು ಸೀಟಿನದೊಂದನ್ನು ಕಟ್ಟಿದ. ಎಂಜಿನ್ ಮಾತ್ರ ಹಳೆಯ ಕಾರಿನದು. ಕೈಗೆ ಬಂದ ಪ್ರತಿ ಗಾಡಿಯ ಸೀಟಿನಡಿ ಅವನೊಂದು ಕಳ್ಳ ಸ್ವಿಚ್ಚು ಇಡುತ್ತಾನೆ. ಒತ್ತಿದರೆ ಎಂಜಿನ್ ಸತ್ತಂತೆ, ಕಳ್ಳ ಬರಿಗೈಯಲ್ಲಿ ಹೋಗಬೇಕು. ಆಕಾಶದಲ್ಲಿ ಕಳ್ಳರು ಕಡಿಮೆ. ಆದರೆ ಕೈರೂಢಿ ಕೇಳಬೇಕಲ್ಲ. ಇಲ್ಲಿಯೂ ಒಂದನ್ನು ಇಟ್ಟ, ಇಟ್ಟು ಮರೆತ.

ಅವನಿಗೆ ವಿಜ್ಞಾನ ಕಲಿಸಿದ ತಪ್ಪಿಗೆ ಮೊದಲ ಪ್ರಯಾಣಿಕ ನಾನಾದೆ. ಹೊಸ ವಾಹನ ಹತ್ತುವಾಗ ಚಪ್ಪಲಿ ಬಿಡುವುದು ನನ್ನ ಪದ್ಧತಿ. ಬಿಟ್ಟು ಸೀಟಿನಡಿ ಇಟ್ಟೆ. ಸಿದ್ದಾಪುರದ ದಿಕ್ಕಿಗೆ ಹೊರಟು ಕಾನಸೂರಿನ ಕಾಡಿನ ಮೇಲೆ ಬಂದಾಗ ಒಂದು ಚಪ್ಪಲಿ ಮುಂದೆ ಜಾರಿತು. ಹಿಮ್ಮಡಿಯಿಂದ ಗೌರವಪೂರ್ವಕವಾಗಿ ಹಿಂದೆ ನೂಕಿದೆ.

ಎಂಜಿನ್ ನಿಂತಿತು.

ಜೀವಮಾನವಿಡೀ ಗುರುತ್ವಾಕರ್ಷಣೆಯ ಪಾಠ ಮಾಡಿದವನಿಗೆ ಮುಂದಿನದರ ಬಗ್ಗೆ ಸಂದೇಹವಿರಲಿಲ್ಲ. ಶಿಷ್ಯ ಎರಡು ಸಲ ಕೀಲಿ ತಿರುಗಿಸಿದ. ಎಂಜಿನ್ ಕೆಮ್ಮಲೂ ಇಲ್ಲ.

"ಏನಾಯ್ತೋ?"

"ಸುಮ್ನೆ ಕೂತ್ಕೊಳ್ಳಿ ಸಾರ್. ಪೆಟ್ರೋಲ್ ಇದೆ, ಎಲ್ಲಾ ಇದೆ. ಯಾಕೆ ನಿಂತಿತೋ ಅಲ್ಲಾಗೇ ಗೊತ್ತು."

"ಹಾಗಾದ್ರೆ ಬೇಗ ಕೇಳೋ ಮಾರಾಯ!"

"ಕೇಳ್ತಾ ಇದೀನಿ. ನೀವು ಮಧ್ಯ ಮಾತಾಡ್ಬೇಡಿ."

ಕೆಳಗೆ ಎತ್ತ ನೋಡಿದರೂ ಮರ. ಅವುಗಳ ನಡುವೆ ಕೊಯ್ಲಾದ ಒಂದೇ ಒಂದು ಉದ್ದನೆಯ ಗದ್ದೆ. ರೆಕ್ಕೆಗೆ ಗಾಳಿ ಸವರುವ ಸದ್ದು ಬಿಟ್ಟರೆ ಬೇರೇನೂ ಕೇಳುತ್ತಿರಲಿಲ್ಲ. ಮರಗಳ ತಲೆ ತಾಗಿತೇನೋ ಎಂಬಷ್ಟು ಹತ್ತಿರದಿಂದ ದಾಟಿಸಿ, ಬದುವಿನ ಗುಂಟ ಇಳಿಸಿದ. ಕೂಳೆಗಳ ಮೇಲೆ ಮೂರು ಸಲ ಕುಪ್ಪಳಿಸಿದ ವಿಮಾನ ಹುಲ್ಲಿನ ಬಣವೆಗೆ ಮೂಗು ಹುಗಿದು ನಿಂತಿತು. ಕೈಕಾಲು ಆಡಿಸಿ ನೋಡಿದೆ. ನಾಲ್ಕೂ ನನ್ನವೇ.

ಗದ್ದೆಯ ಯಜಮಾನರು ಓಡಿ ಬಂದರು. "ಪೆಟ್ಟು ಆಜಿಲ್ಲೆ ಅಲ್ದಾ?" ಎಂದು ಇಬ್ಬರನ್ನೂ ಮುಟ್ಟಿ ನೋಡಿ, ಸಮಾಧಾನವಾದ ಮೇಲೆ, "ಬಸ್ ಸ್ಟ್ಯಾಂಡ್ ಆಚಿಗೆ ಇದ್ದು ಮಾರಾಯ್ರೆ! ಇರ್ಲಿ, ಆಸ್ರಿಗೆ ಎಂತ ಕೊಡ್ಲಿ?" ಎಂದರು. ಆಕಾಶದಿಂದ ಬಿದ್ದವನೂ ನೆಂಟನೇ. ಮೊದಲು ಬಾಯಾರಿಕೆ ವಿಚಾರಿಸಬೇಕು.

ಅವರು ಮಜ್ಜಿಗೆ ತರುವಷ್ಟರಲ್ಲಿ ಇವನು ಸೀಟಿನಡಿ ತಲೆ ಹಾಕಿದ್ದ. ಸ್ವಿಚ್ಚಿಗೆ ಒತ್ತಿಕೊಂಡಿದ್ದ ನನ್ನ ಚಪ್ಪಲಿಯನ್ನು ಹೊರಗೆಳೆದು ನನ್ನ ಮುಖ ನೋಡಿದ. ಬೈಗುಳಕ್ಕೆ ಸಿದ್ಧನಾದೆ.

"ಎಂಜಿನ್ ಕೆಟ್ಟಿಲ್ಲ ಸಾರ್," ಎಂದ, ಅಷ್ಟೇ. ಕಣ್ಣಲ್ಲಿ ನೀರಿತ್ತು, ನಗುತ್ತಲೂ ಇದ್ದ.

ಲೋಟ ಎತ್ತುವಾಗ ಅವನು ಅರ್ಧ ಮಜ್ಜಿಗೆ ಚೆಲ್ಲಿಕೊಂಡ. ಯಜಮಾನರು ಮತ್ತೆ ತುಂಬಿಸಿದರು. ನನ್ನದು ಚೆಲ್ಲಲಿಲ್ಲ, ನಾನು ಎರಡೂ ಕೈಯಲ್ಲಿ ಹಿಡಿದಿದ್ದೆ.