ಬೇಯಿಸಿದ ಎರೆ

ಮೀನಿಗೆ ಗಾಳ ಹಾಕುವುದು ಗಂಡಸರ ಕೆಲಸ ಎಂದು ವಿಜಯನಗರದ ನಮ್ಮ ಬೀದಿಯಲ್ಲಿ ಯಾರಾದರೂ ಹೇಳಿದರೆ ನನಗೆ ನಗು ಬರುತ್ತದೆ. ಕೆಂಗೇರಿ ಆಚೆಯ ನಮ್ಮ ತವರಿನ ಕೆರೆಯ ದಡದಲ್ಲಿ ಅಪ್ಪನ ಪಕ್ಕ ಕೂತು ಬೆಳೆದವಳು ನಾನು. ನನ್ನ ಅಣ್ಣಂದಿರಿಗಿಂತ ಹೆಚ್ಚು ಮೀನು ಹಿಡಿದಿದ್ದೇನೆ, ಅದನ್ನು ಅವರೇ ಒಪ್ಪುತ್ತಾರೆ. ಹಾಗಾಗಿ ಹೋದ ವರ್ಷ ನಮ್ಮ ಯಜಮಾನರನ್ನು ಕೆರೆಗೆ ಕರೆದೊಯ್ಯಬೇಕೆಂದು ತೀರ್ಮಾನಿಸಿದಾಗ ಯಾರನ್ನೂ ಕೇಳುವ ಗೋಜಿಗೆ ಹೋಗಲಿಲ್ಲ.

ಅವರು ಅತ್ತಿಗುಪ್ಪೆಯಲ್ಲಿ ಹಿಟ್ಟಿನ ಮಿಲ್ ನಡೆಸುತ್ತಿದ್ದರು. ಮಿಷನ್ನಿನ ಸದ್ದಿನ ಮೇಲೆ ಕೂಗಿ ಕೂಗಿ ಅಭ್ಯಾಸವಾಗಿ, ಮನೆಯಲ್ಲಿ ಉಪ್ಪು ಕೇಳಿದರೆ ಪಕ್ಕದ ಮನೆಯವರು ತಂದುಕೊಡಬೇಕು, ಅಂಥ ಗಂಟಲು. ಮಂಡಿನೋವು ಜಾಸ್ತಿಯಾಗಿ ಮಿಲ್ಲನ್ನು ಬೇರೆಯವರಿಗೆ ವಹಿಸಿಕೊಟ್ಟರು ನೋಡಿ, ಆ ಗಂಟಲೇ ನಿಂತುಹೋಯಿತು. ಬೆಳಗ್ಗೆ ಬಾಲ್ಕನಿಯಲ್ಲಿ ಕೂತರೆ ಊಟಕ್ಕೇ ಏಳುವುದು. ತಿಂಡಿ ಬೇಕಾ ಅಂದರೂ ಹೂಂ, ಬೇಡವಾ ಅಂದರೂ ಹೂಂ. ಡಾಕ್ಟರು ಮಾತ್ರೆ ಬರೆದುಕೊಟ್ಟು, ಮನಸ್ಸಿಗೆ ಹಿಡಿಸುವ ಏನಾದರೂ ಹವ್ಯಾಸ ಹಚ್ಚಿ ಎಂದರು. ನೆಂಟರಲ್ಲಿ ಒಬ್ಬರು ಯೋಗ ಅಂದರು, ಇನ್ನೊಬ್ಬರು ಭಜನೆ ಅಂದರು. ನನಗೆ ನಿಜವಾಗಿ ಭಯವಾಗಿತ್ತು. ಕಣ್ಣೆದುರೇ ಕೂತಿರುವ ಮನುಷ್ಯ ದಿನದಿನಕ್ಕೂ ನನ್ನಿಂದ ದೂರ ಹೋಗುತ್ತಿದ್ದಾರೆ ಅನ್ನಿಸುತ್ತಿತ್ತು.

ಕೆರೆಯ ಮೀನು ಗುತ್ತಿಗೆ ಹಿಡಿದವರು ತವರಿನ ಕಡೆಯವರೇ. “ಭಾನುವಾರ ಬಂದು ಕೂತ್ಕೊಳಿ ಅಕ್ಕ, ನಿಮ್ಮನ್ಯಾರು ಕೇಳ್ತಾರೆ” ಎಂದರು. ಮಡಚುವ ಗಾಳದ ಕೋಲು ಎರಡು ಕೊಂಡು, ಯಜಮಾನರನ್ನು ಸ್ಕೂಟರಿನ ಹಿಂದೆ ಕೂರಿಸಿಕೊಂಡು ಮೈಸೂರು ರಸ್ತೆ ಹಿಡಿದೆ. ಎಲ್ಲಿಗೆ ಎಂದು ಕೂಡ ಅವರು ಕೇಳಲಿಲ್ಲ.

ಕೊಕ್ಕೆಗೆ ಸಿಕ್ಕಿಸುವ ಎರೆಯನ್ನು ನಾನೇ ಮಾಡಿಕೊಂಡಿದ್ದೆ. ಅಪ್ಪ ರಾಗಿ ಹಿಟ್ಟಿನ ಉಂಡೆ ಬಳಸುತ್ತಿದ್ದದ್ದು ಕಣ್ಣಿಗೆ ಕಟ್ಟಿದಂತಿತ್ತು. ರಾಗಿ ಉಂಡೆ ಅಂದಮೇಲೆ ನಮ್ಮ ಕಡೆಯ ಹೆಂಗಸಿಗೆ ಹೇಳಿಕೊಡಬೇಕೆ? ಬೇಗ ಎದ್ದು ಎಸರಿಟ್ಟು, ಒಂದು ಗಂಟಿಲ್ಲದಂತೆ ತಿರುವಿ, ಬೆಣ್ಣೆಯಂಥ ಮುದ್ದೆ ಕಟ್ಟಿ ಡಬ್ಬಿಗೆ ತುಂಬಿದ್ದೆ.

ಆ ಭಾನುವಾರ ಏನೂ ಸಿಗಲಿಲ್ಲ. ಮುಂದಿನ ಭಾನುವಾರವೂ ಅಷ್ಟೇ. ಎತ್ತಿದಾಗಲೆಲ್ಲ ಬರೀ ಕೊಕ್ಕೆ. ಈಗಿನ ಮೀನುಗಳು ಬಲು ಚಾಲಾಕಿ ಎಂದು ನನಗೆ ನಾನೇ ಹೇಳಿಕೊಂಡೆ. ಯಜಮಾನರು ಗಾಳದ ದಾರಕ್ಕೆ ಕಟ್ಟಿದ ತೇಲುವ ಬೆಂಡನ್ನೇ ನೋಡುತ್ತ ಕೂತಿರುತ್ತಿದ್ದರು, ಮಾತಿಲ್ಲ. ಆದರೆ ಬಾಲ್ಕನಿಯಲ್ಲಿ ಸದಾ ಬೆರಳು ಹಿಸುಕಿಕೊಳ್ಳುತ್ತಿದ್ದವರು ಇಲ್ಲಿ ಕೈ ಸಡಿಲ ಬಿಟ್ಟಿದ್ದರು. ಮನೆಗೆ ಬಂದು ಗೊರಕೆ ಹೊಡೆದು ಮಲಗಿದರು. ನನಗೆ ಅಷ್ಟು ಸಾಕಿತ್ತು. ಇನ್ನು ಬಿಡುವ ಮಾತೇ ಇರಲಿಲ್ಲ.

ಆಮೇಲಿನ ಭಾನುವಾರ ನಾನು ಕೊಕ್ಕೆಗೆ ಮುದ್ದೆ ಹಚ್ಚುತ್ತಿದ್ದಾಗ ಅವರು ಡಬ್ಬಿಗೆ ಕೈ ಹಾಕಿದರು. ಮಿಲ್ಲಿನಲ್ಲಿ ಹಿಟ್ಟಿನ ನುಣುಪು ನೋಡುತ್ತಿದ್ದ ಹಾಗೆ ಒಂದು ಚೂರನ್ನು ಬೆರಳುಗಳ ನಡುವೆ ಉಜ್ಜಿದರು.

“ಇದನ್ನ ಬೇಯಿಸಿದ್ಯಾ?”

“ಮತ್ತೆ? ಮುದ್ದೆನ ಬೇಯಿಸ್ದೆ ಕಟ್ತಾರಾ?”

“ಮೀನ್‌ಗೆ ಕಣೇ ಇದು, ಬೀಗರಿಗಲ್ಲ. ಇಷ್ಟ್ ಮೆತ್ತಗಿದ್ರೆ ನೀರಲ್ಲಿ ಬಿಟ್ಕೊಳಲ್ವಾ? ಹಸಿ ಹಿಟ್ಟನ್ನೇ ಗಟ್ಟಿಯಾಗಿ ಕಲಸ್ಬೇಕು. ರಾಗಿಗೆ ಅಂಟಿಲ್ಲ, ಸ್ವಲ್ಪ ಗೋಧಿ ಹಿಟ್ಟು ಹಾಕು. ಇಷ್ಟ್ ದಿನ ಮೀನಿಗೆ ಗಂಜಿ ಕುಡಿಸ್ತಿದ್ಯಲ್ಲ.”

ಅಪ್ಪ ಉಂಡೆಯನ್ನು ಕಲಸಿಯೇ ತರುತ್ತಿದ್ದರು, ಹೇಗೆ ಕಲಸಿದಿರಿ ಎಂದು ನಾನು ಕೇಳಿದವಳೇ ಅಲ್ಲ. ನನ್ನ ಮುದ್ದೆಯನ್ನು ಯಾರಾದರೂ ಆಡಿಕೊಂಡರೆ ಸುಮ್ಮನಿರುವವಳೂ ಅಲ್ಲ. ಆವತ್ತು ಸುಮ್ಮನಿದ್ದೆ. ಎಷ್ಟೋ ತಿಂಗಳ ಮೇಲೆ ಅವರು ನನ್ನನ್ನು ಬೈದಿದ್ದರು.

ಮುಂದಿನ ವಾರ ಅವರೇ ಹಿಟ್ಟು ಕಲಸಿದರು. ಅಡುಗೆಮನೆಯ ಕಟ್ಟೆಯೆಲ್ಲ ಹಿಟ್ಟಾಗಿ, ಒರೆಸುವುದು ನನ್ನ ಪಾಲಿಗೆ ಬಂತು. ಕೆರೆಯಲ್ಲಿ ಗಾಳ ಎಸೆದು, ಕೋಲನ್ನು ನಮ್ಮಿಬ್ಬರ ನಡುವೆ ನೆಲಕ್ಕಿಟ್ಟು, ನಾನು ಏನೂ ಕೇಳದೆಯೇ ನೀರಿಗೆ ಬೆನ್ನು ಮಾಡಿ ನನ್ನ ಕಡೆ ತಿರುಗಿ ಕೂತರು.

“ಮಿಲ್ ಬಿಟ್ಮೇಲೆ ಎಲ್ಲೂ ಸದ್ದೇ ಇಲ್ಲ ಕಣೇ. ನನ್ ದನಿ ನಂಗೇ ಕೇಳಿದ್ರೆ ಹೆದ್ರಿಕೆ ಆಗೋದು, ಬೇರೆ ಯಾರೋ ಮಾತಾಡ್ದಂಗೆ. ಅದಕ್ಕೇ ಸುಮ್ನಿದ್ದೆ. ನಿನ್ ಮೇಲೆ ಕೋಪ ಅಂತ ತಿಳ್ಕೊಂಡ್ಯಾ?”

“ಹೂಂ ರೀ” ಎಂದೆ.

ಅಷ್ಟರಲ್ಲಿ ಅವರ ಬೆನ್ನ ಹಿಂದೆ ಬೆಂಡು ಪೂರ್ತಿ ಮುಳುಗಿತು. ದೊಡ್ಡ ಮೀನೇ ಇರಬೇಕು, ಕೋಲು ನೀರಿನ ಕಡೆ ಸರಿಯತೊಡಗಿತು. ಅದು ಜಾರದಂತೆ ಬುಡದ ಮೇಲೆ ಗಟ್ಟಿಯಾಗಿ ಕಾಲಿಟ್ಟುಕೊಂಡು, “ಆಮೇಲೆ? ಹೇಳಿ” ಎಂದೆ.