ಬೀರಪ್ಪನ ಟಗರು ಮೇಯ್ದ ಗಿಡ

ನಮ್ಮೂರಲ್ಲಿ ರೇಣವ್ವನನ್ನು ಕಂಡರೆ ಯಾರಿಗೂ ಆಗುತ್ತಿರಲಿಲ್ಲ. ಅವಳಿಗೂ ಊರನ್ನು ಕಂಡರೆ ಆಗುತ್ತಿರಲಿಲ್ಲ. ಬಾದಾಮಿ ಗುಡ್ಡದ ಕೆಳಗೆ ಕುರಿ ಕಾಯುವ ಹೆಂಗಸು, ಬಾಯಿ ಬಲು ಜೋರು. ನನ್ನನ್ನು ಕೇಳಿದರೆ, ಈ ಊರಿಗೆ ಆ ಬಾಯಿಯೂ ಕಮ್ಮಿಯೇ.

೧೯೭೮ರಲ್ಲಿ ಬಾಗಲಕೋಟೆಯ ಕಾಲೇಜಿನಿಂದ ಬಂದ ಗುರಲಿಂಗಪ್ಪ ಮಾಸ್ತರರು ಅವಳು ಕುರಿ ಮೇಯಿಸುವ ಕೊಳ್ಳದಲ್ಲಿ ಒಂದು ಪೊದೆ ಕಂಡು ಅಲ್ಲೇ ಕುಳಿತುಬಿಟ್ಟರು. ಅದು ಕಾಡು ಕಾಫಿಯಂತೆ. ಅಂಥ ಉಳಿದ ಪೊದೆಗಳನ್ನೆಲ್ಲ ನಮ್ಮ ಜನ ಒಲೆಗೆ ಹಾಕಿಯಾಗಿತ್ತು.

"ತೋಟದ ಕಾಫಿ ಎಲ್ಲಾ ಒಂದ ಬಳಗ. ಒಂದು ರೋಗ ಬಂದ್ರ ಎಲ್ಲಾ ಹೋಗತೈತಿ. ಇದು ನೀರಿಲ್ಲದ ಕಲ್ಲಾಗ ಬದುಕೈತಿ, ಇದರ ಬೀಜ ಉಳೀಬೇಕು," ಎಂದರು. "ಕಾಯಿ ಕಪ್ಪಾದ ಮ್ಯಾಲ ಬರತೇನಿ. ಅಲ್ಲೀತನಕ ನೋಡಕೋರಿ ರೇಣವ್ವ."

ಅವಳು ಮುಳ್ಳಿನ ಬೇಲಿ ಹಚ್ಚಿದಳು. ವಾರದೊಳಗೆ ಬೇಲಿಯೂ ಹೋಯಿತು, ಒಂದು ಕೊಂಬೆಗೆ ಕೊಡಲಿಯೂ ಬಿತ್ತು. ಓಣಿಓಣಿ ನಿಂತು ಬೈದರೂ ಯಾರೂ ಕಿವಿಗೆ ಹಾಕಿಕೊಳ್ಳಲಿಲ್ಲ. ಕೊನೆಗೆ ಅವಳು ಗಿಡಕ್ಕೆ ದೇವರ ಅರಿಶಿನದ ಭಂಡಾರ ಹಚ್ಚಿ, ಕುರುಬರ ದೇವರು ಬೀರಪ್ಪನ ಗುಡಿಯ ಮುಂದೆ ನಿಂತು ಸಾರಿದಳು: "ಬೀರಪ್ಪಗ ಬಿಟ್ಟೇನಿ. ಮುಟ್ಟಿದವರ ಮನಿ ಹಾಳಾಗಲಿ."

ಕೊಡಲಿ ನಿಂತಿತು. ಆದರೆ ಅವಳು ಟಗರನ್ನು ಮರೆತಿದ್ದಳು.

ಬೀರಪ್ಪನ ಹೆಸರಿಗೆ ಬಿಟ್ಟ ಟಗರು ಅದು. ಯಾರ ಬೆಳೆಗೆ ಬಾಯಿ ಹಾಕಿದರೂ ಕೋಲೆತ್ತುವಂತಿಲ್ಲ, ಕೈಮುಗಿಯಬೇಕು. ಕಾಯಿ ಕಪ್ಪಾಗುತ್ತಿದ್ದಾಗ ಅದು ಕೊಳ್ಳಕ್ಕೆ ನುಗ್ಗಿತು. ರೇಣವ್ವ ಕೋಲೆತ್ತಿದಳು. ಪೂಜಾರಿ ಹುಲ್ಲಪ್ಪ ಓಡಿಬಂದು ಅವಳ ಕೈ ಹಿಡಿದ.

"ದೇವರ ಗಿಡಾ ದೇವರು ತಿಂತಾನ. ನಿಂದೇನು ಹೋಗತೈತಿ?"

ಸುತ್ತ ನಿಂತವರು ನಕ್ಕರು. ಆ ನಗು ನೆನೆದರೆ ನನಗೆ ಇವತ್ತಿಗೂ ಮೈ ಉರಿಯುತ್ತದೆ. ಟಗರು ಎಲೆ, ಕಾಯಿ, ತೊಗಟೆ ಎಲ್ಲ ಮೇಯ್ದು ಹೋಯಿತು. ತೊಗಟೆಯಿಲ್ಲದ ಮೋಟು ಬಿಸಿಲಿಗೆ ಬೇರುಸಹಿತ ಒಣಗಿತು.

ಮರುದಿನದಿಂದ ರೇಣವ್ವ ಬುಟ್ಟಿ ಹಿಡಿದು ಟಗರಿನ ಹಿಂದೆ ತಿರುಗತೊಡಗಿದಳು, ಹಿಕ್ಕೆ ಆರಿಸುತ್ತ. ಕುರಿ ತಿಂದ ಜಾಲಿ ಬೀಜ ಹಿಕ್ಕೆಯಲ್ಲಿ ಮೊಳೆಯುವುದನ್ನು ಅವಳು ಹುಟ್ಟಿದಾಗಿನಿಂದ ಕಂಡವಳು. ಕಾಫಿಯೂ ಹಾಗೆ ಮೊಳೆತೀತೆಂದು ಆಸೆ. ಊರಿಗೆ ಮಾತ್ರ ಅದು ಭಕ್ತಿಯಾಗಿ ಕಂಡಿತು. "ಈಗ ಬುದ್ಧಿ ಬಂತು ನೋಡು," ಎಂದು ಹುಲ್ಲಪ್ಪ ಕರೆದು ಭಂಡಾರ ಕೊಟ್ಟ. ಅವಳು ಇಸಿದುಕೊಂಡು ಅವನೆದುರೇ ಗೋಡೆಗೆ ಒರೆಸಿದಳು.

ಹಿಕ್ಕೆಯನ್ನು ಮಣ್ಣಿನಲ್ಲಿ ಕಲಸಿ, ಒಡಕು ಗಡಿಗೆಗಳಿಗೆ ತುಂಬಿ ದಿನಾ ನೀರು ಹಾಕಿದಳು. ಮೊಳಕೆ ಬಂದವು. ಎಲ್ಲವೂ ಜಾಲಿ.

ಮಾಸ್ತರರು ಕೈಚೀಲ ಹಿಡಿದು ಬಂದರು. ರೇಣವ್ವ ಒಂದು ಗಡಿಗೆ ತಂದು ಅವರ ಮುಂದೆ ಕುಕ್ಕಿದಳು.

"ಒಯ್ಯಿರಿ. ದೇವರು ತಿಂದು ಕೊಟ್ಟಿದ್ದು ಇದು."

"ಯಾರು ಹಾಳ ಮಾಡಿದ್ರವ್ವ?"

ಊರನ್ನೆಲ್ಲ ಬೈಯುತ್ತಾಳೆಂದು ನಾವು ಕಾದೆವು. ಅವಳು ತನ್ನ ಅಂಗೈ ನೋಡಿಕೊಂಡಳು.

"ಕೊಡಲಿಗೆ ಬಿಟ್ಟಿದ್ರ ಬೇರಾದ್ರೂ ಉಳೀತಿತ್ತರಿ. ಭಂಡಾರಾ ಹಚ್ಚಿದಾಕಿ ನಾನ."